ಮನೆ ಹಿಂದೆ ಹತ್ತಡಿ ಜಾಗ ಉಳಿದಿದೆ. ಚಿಟ್ಟೆ, ಹಕ್ಕಿ ಬರುವಂಥ ಕೈತೋಟ ಮಾಡುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ, ಲಾನ್ ಹಾಕಿಸಬೇಡಿ.

30×40 ಸೈಟು, ಹಿಂದುಗಡೆ ಹತ್ತಡಿ ಅಗಲದ ಜಾಗ, ಇಬ್ಬರು ಸಣ್ಣ ಮಕ್ಕಳು, ಬೇಸಿಗೆಯಲ್ಲಿ ನೀರಿನ ತಾಪತ್ರಯ, ಲ್ಯಾಂಡ್‌ಸ್ಕೇಪ್‌ನವರು ಹುಲ್ಲು ಹಾಸಿಸಿ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ಮೈಸೂರಿನ ಹೊರವಲಯದಲ್ಲಿ ಮನೆ ಕಟ್ಟಿದಾಗ ನಮಗೂ ಒಬ್ಬರು ಇದನ್ನೇ ಹೇಳಿದ್ದರು. ನಾವೂ ಕೇಳಿದೆವು. ಮೆಕ್ಸಿಕನ್ ಹುಲ್ಲು ಬಂತು. ಮಾರ್ಚಿನಿಂದ ಮಳೆ ಹಿಡಿಯುವ ತನಕ ದಿನಾ ಪೈಪ್ ಹಿಡಿದು ನಿಲ್ಲಬೇಕು. ನಿಂತೆವು. ಅಷ್ಟು ನೀರು ಕುಡಿದ ಹುಲ್ಲಿನ ಮೇಲೆ ಓಡಾಡಿಕೊಂಡಿದ್ದದ್ದು ಎರಡು ಗೊರವಂಕ, ಪಕ್ಕದ ಮನೆ ನಾಯಿ, ಅಷ್ಟೆ. ಎರಡನೇ ಬೇಸಿಗೆಗೆ ಅರ್ಧ ಒಣಗಿತು, ಉಳಿದರ್ಧ ನಾವೇ ಕಿತ್ತೆವು.

ಆಮೇಲೆ ನರ್ಸರಿಯಲ್ಲಿ ಕೇಳಿದೆ, ಚಿಟ್ಟೆ ಬರಬೇಕು, ಏನು ನೆಡಲಿ ಅಂತ. ಬಣ್ಣಬಣ್ಣದ ಹೂವಿನ ಗಿಡ ತೋರಿಸಿದರು. ತಪ್ಪೇನಿಲ್ಲ, ಆದರೆ ಹೂವು ಚಿಟ್ಟೆಗೆ ಹೋಟೆಲ್ ಇದ್ದ ಹಾಗೆ. ಬರುತ್ತದೆ, ಒಂದು ಗುಟುಕು ಕುಡಿಯುತ್ತದೆ, ಹೋಗುತ್ತದೆ. ಬಾಣಂತನಕ್ಕೆ ಯಾರಾದರೂ ಹೋಟೆಲಿಗೆ ಹೋಗುತ್ತಾರಾ? ಮೊಟ್ಟೆ ಇಡಬೇಕಾದರೆ ಅದಕ್ಕೆ ತನ್ನದೇ ಎಲೆ ಬೇಕು. ಹೆಚ್ಚಿನ ಚಿಟ್ಟೆಗಳಿಗೆ ಒಂದು ಗಿಡ, ಇಲ್ಲವೇ ಅದರ ನಂಟಿನ ಕೆಲವೇ ಗಿಡ. ಮರಿ ಹುಳು ಬೇರೆ ಎಲೆ ಕೊಟ್ಟರೆ ತಿನ್ನುವುದೇ ಇಲ್ಲ, ಉಪವಾಸ ಸಾಯುತ್ತದೆ.

ಇದು ನನಗೆ ಗೊತ್ತಾಗಿದ್ದು ಕರಿಬೇವಿನಿಂದ. ಒಂದು ದಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂದು ಬಿಳಿ ಮಚ್ಚೆ ಇತ್ತು. ಒರೆಸಲು ಹೋದರೆ ಅದು ಅಲುಗಾಡಿತು. ಕಾಮನ್ ಮಾರ್ಮನ್ ಅನ್ನುವ ಕಪ್ಪು ಚಿಟ್ಟೆಯ ಮರಿ. ಹಿಕ್ಕೆ ಅಂದುಕೊಂಡು ಹಕ್ಕಿ ಬಿಟ್ಟು ಹೋಗಲಿ ಅಂತ ಆ ವೇಷ. ಸ್ವಲ್ಪ ದೊಡ್ಡದಾದ ಮೇಲೆ ಹಸಿರಾಗಿ ಎಲೆ ಜೊತೆ ಸೇರಿಹೋಗುತ್ತದೆ. ಮಗಳು ಕಡ್ಡಿಯಲ್ಲಿ ಮೆಲ್ಲಗೆ ಮುಟ್ಟಿದಳು. ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೊಂಬು ಸರಕ್ಕನೆ ಹೊರಗೆ ಬಂತು, ಜೊತೆಗೆ ಒಂದು ಘಾಟು ವಾಸನೆ. ಎರಡು ಕ್ಷಣ ಬಿಟ್ಟು ಒಳಗೆ ಎಳೆದುಕೊಂಡಿತು. ಅವತ್ತು ಅವಳು ಹೋಮ್‌ವರ್ಕ್ ಮಾಡಲಿಲ್ಲ.

ನಮ್ಮತ್ತೆಗೆ ಮಾತ್ರ ಸಿಟ್ಟು. "ಅಲ್ಲಮ್ಮ, ಒಗ್ಗರಣೆಗೆ ಅಂತ ನೆಟ್ಟಿದ್ದೋ, ಹುಳಕ್ಕೆ ಅಂತ ನೆಟ್ಟಿದ್ದೋ?" ಅಂದರು. ನ್ಯಾಯವಾದ ಪ್ರಶ್ನೆಯೇ. ಇನ್ನೊಂದು ಗಿಡ ನೆಟ್ಟೆವು. ಅಡುಗೆಮನೆ ಬಾಗಿಲ ಹತ್ತಿರದ್ದು ಅತ್ತೆಯದು, ಕಾಂಪೌಂಡ್ ಪಕ್ಕದ್ದು ಹುಳುವಿನದು. ಅತ್ತೆಯ ಗಿಡದಲ್ಲಿ ಹುಳು ಸಿಕ್ಕಿದರೆ ಎಲೆ ಸಮೇತ ಕಿತ್ತು ಆ ಕಡೆ ದಾಟಿಸುವ ಕೆಲಸ ಮಗಳದು. ಈಗ ಹುಳುಗಳನ್ನು ಎಣಿಸಿ ಊಟದ ಹೊತ್ತಿಗೆ ಲೆಕ್ಕ ಒಪ್ಪಿಸುವುದು ಅತ್ತೆಯೇ. ನಿಂಬೆ ಗಿಡವಿದ್ದರೆ ಅದಕ್ಕೂ ಇದೇ ಚಿಟ್ಟೆ ಬರುತ್ತದೆ, ಇದರ ನಂಟ ಲೈಮ್ ಚಿಟ್ಟೆಯೂ ಬರುತ್ತದೆ.

ನಿಮ್ಮ ಕಾಂಪೌಂಡ್ ಗ್ರಿಲ್ಲಿಗೆ ಈಶ್ವರಿ ಬಳ್ಳಿ ಹಬ್ಬಿಸಿ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳು ಅದರಲ್ಲೇ ಹುಟ್ಟಬೇಕು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೂ ಇದೇ ಜಾತಿಯ ಬಳ್ಳಿ ಬೇಕು, ಆದರೆ ಅದು ಮಲೆನಾಡಿನ ಕಡೆಯದು, ನಿಮ್ಮ ಹಿತ್ತಲಿಗೆ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಬಳ್ಳಿಯ ವಿಷ ತಿಂದು ಬೆಳೆದ ರೋಸ್ ಚಿಟ್ಟೆಯನ್ನು ಹಕ್ಕಿಗಳು ಮುಟ್ಟುವುದಿಲ್ಲ. ಅದನ್ನು ನೋಡಿ ಕರಿಬೇವಿನ ಮಾರ್ಮನ್ ಹೆಣ್ಣುಗಳಲ್ಲಿ ಕೆಲವು ರೋಸ್ ತರವೇ ಕೆಂಪು ಮಚ್ಚೆ ಹಾಕಿಕೊಂಡು ಓಡಾಡುತ್ತವೆ. ವಿಷ ಇಲ್ಲ, ಬರೀ ಸೋಗು. ಅಸಲಿ ಯಾವುದು, ನಕಲಿ ಯಾವುದು ಅಂತ ಹುಡುಕುವುದು ಮಕ್ಕಳಿಗೆ ಒಳ್ಳೆಯ ಆಟ. ಸುಲಭದ ಗುರುತು ಅಂದ್ರೆ, ಅಸಲಿಯ ಮೈಯೂ ಕೆಂಪು. ನಕಲಿಯದು ರೆಕ್ಕೆ ಮಾತ್ರ, ಮೈ ಕಪ್ಪು.

ಮಕ್ಕಳಿರುವ ಮನೆ ಅಂದಿರಿ, ಅದಕ್ಕೆ ಒಂದು ಎಚ್ಚರಿಕೆ. ಎಕ್ಕದ ಗಿಡಕ್ಕೆ ಪ್ಲೇನ್ ಟೈಗರ್, ಕಣಗಿಲೆಗೆ ಕಾಮನ್ ಕ್ರೋ ಚಿಟ್ಟೆ ಬರುತ್ತವೆ, ನಿಜ. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಕಣಗಿಲೆ ಪೂರ್ತಿ ವಿಷ. ಈಶ್ವರಿ ಬಳ್ಳಿಯನ್ನೂ ಬಾಯಿಗೆ ಹಾಕಬಾರದು ಅಂತ ಹೇಳಿಕೊಡಿ. ಎಕ್ಕ ಹೇಗೂ ಖಾಲಿ ಸೈಟುಗಳಲ್ಲಿ ತಾನೇ ಬೆಳೆಯುತ್ತದೆ. ಅಲ್ಲಿಗೇ ಕರೆದುಕೊಂಡು ಹೋಗಿ ತೋರಿಸಿ. ಒಂದು ನಂದಿಬಟ್ಟಲು ಇರಲಿ. ಪೂಜೆಗೆ ಹೂವಾಯಿತು, ಜೊತೆಗೆ ಹಸಿರು ಮೈಯ, ಕಣ್ಣಿನಂಥ ನೀಲಿ ಮಚ್ಚೆಯ ದಪ್ಪ ಹುಳು ಒಂದು ಬರುತ್ತದೆ. ಅದು ಹಾಕ್‌ಮಾತ್ ಪತಂಗದ ಮರಿ.

ನಾನು ಮಾಡಿದ ದೊಡ್ಡ ಎಡವಟ್ಟು ನುಗ್ಗೆ. ಹೂವಿಗೆ ಜೇನು ಬರುತ್ತದೆ, ಸೂರಕ್ಕಿ ಬರುತ್ತದೆ, ಸೊಪ್ಪು ಕಾಯಿ ಮನೆಗೆ ಅಂತ ಹಿಂಬಾಗಿಲ ಪಕ್ಕದಲ್ಲೇ ನೆಟ್ಟೆ. ಎಲ್ಲವೂ ಬಂದವು. ಮಳೆಗಾಲದಲ್ಲಿ ಕಂಬಳಿಹುಳುವೂ ಬಂತು. ಕಾಂಡದ ಮೇಲೆ ಗುಂಪುಗುಂಪಾಗಿ ಕಂಬಳಿ ಹೊದಿಸಿದ ಹಾಗೆ. ಒಣಗಿದ ಟವೆಲ್ಲಿಗೆ ಅದರ ಕೂದಲು ಅಂಟಿ ಮನೆಯವರೆಲ್ಲ ಮೂರು ದಿನ ಕೆರೆದುಕೊಂಡೆವು. ನುಗ್ಗೆ ಬೇಕಿದ್ದರೆ ಬಾಗಿಲಿನಿಂದಲೂ ಬಟ್ಟೆ ತಂತಿಯಿಂದಲೂ ದೂರ ಇರಲಿ. ಹತ್ತಡಿಯಲ್ಲಿ ಅಷ್ಟು ದೂರ ಸಿಗುವುದಿಲ್ಲ, ಹಾಗಾಗಿ ಬಿಟ್ಟುಬಿಡಿ.

ತರಕಾರಿಗೂ ಜಾಗ ಮಾಡಿ, ಇಲ್ಲದಿದ್ದರೆ ಮನೆಯಲ್ಲಿ ಒಪ್ಪಿಗೆ ಸಿಗುವುದು ಕಷ್ಟ. ನಾಲ್ಕು ಬದನೆ, ನಾಲ್ಕು ಟೊಮೆಟೊ ಸಾಕು. ಬದನೆ ಹೂವಿನ ಪರಾಗ ಸಣ್ಣ ತೂತಿನ ಡಬ್ಬಿಯೊಳಗೆ ಇರುವ ಹಾಗಿರುತ್ತದೆ, ಜೋರಾಗಿ ಅಲುಗಿಸಿದರೆ ಮಾತ್ರ ಉದುರುತ್ತದೆ. ಜೇನುಹುಳುವಿಗೆ ಆ ವಿದ್ಯೆ ಬರುವುದಿಲ್ಲ. ಕಪ್ಪು ದುಂಬಿಗೆ ಬರುತ್ತದೆ. ಹೂವನ್ನು ತಬ್ಬಿ ಹಿಡಿದು ಝುಯ್ ಅಂತ ಮೈ ನಡುಗಿಸುತ್ತದೆ, ಪರಾಗ ಅದರ ಹೊಟ್ಟೆ ಮೇಲೆ ಸುರಿಯುತ್ತದೆ. ಬೆಳಿಗ್ಗೆ ಹತ್ತಿರ ನಿಂತರೆ ಆ ಸದ್ದು ಬದಲಾಗುವುದು ಕೇಳಿಸುತ್ತದೆ. ಈ ದುಂಬಿ ಗೂಡು ಕೊರೆಯುವುದು ಒಣ ಮರ, ಒಣ ಬಿದಿರಿನಲ್ಲಿ. ಎರಡು ಬಿದಿರಿನ ಬೊಂಬು ಸುಮ್ನೆ ಮೂಲೆಯಲ್ಲಿ ಒರಗಿಸಿಡಿ. ಜೇನಿಗೆ ತುಳಸಿ, ಕಾಮಕಸ್ತೂರಿ ಹೂ ಬಿಡಲು ಬಿಡಿ. ದಾಸವಾಳ ಹಾಕುವುದಾದರೆ ಐದೇ ಎಸಳಿನ ಹಳೇ ಕೆಂಪು ದಾಸವಾಳ ಹಾಕಿ. ಎಸಳು ತುಂಬಿದ ಮುದ್ದೆ ಹೂವಿನಲ್ಲಿ ಮಕರಂದ ಸಿಗಲು ಹಕ್ಕಿ ಪರದಾಡಬೇಕು.

ಔಷಧಿ ಹೊಡೆಯುವ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಬೇವಿನೆಣ್ಣೆ ಸಾವಯವ ತಾನೇ ಅಂತ ಎಲ್ಲ ಗಿಡಕ್ಕೂ ಹೊಡೆಯುತ್ತಾರೆ. ಅದು ಚಿಟ್ಟೆಯ ಮರಿಗೂ ಅಷ್ಟೇ ಕೆಟ್ಟದ್ದು. ಗಿಡಕ್ಕೆ ಸಸ್ಯಹೇನು, ಹಿಟ್ಟುತಿಗಣೆ ಬಂದರೆ ಮೊದಲು ನೀರು ಜೋರಾಗಿ ಬಿಟ್ಟು ತೊಳೆಯಿರಿ. ಒಂದು ವಾರ ಕಾದರೆ ಗುಲಗಂಜಿ ಹುಳು ಬಂದು ಹೇನು ತಿನ್ನಲು ಶುರು ಮಾಡುತ್ತದೆ. ಅದರ ಮರಿ ಪುಟ್ಟ ಕಪ್ಪು ಮೊಸಳೆ ತರ ಇರುತ್ತದೆ, ಗೊತ್ತಿಲ್ಲದೆ ಹೊಸಕಿ ಹಾಕಬೇಡಿ.

ನೀರಿನ ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. 70 ಚದರ ಮೀಟರ್ ತಾರಸಿ ಅಂದುಕೊಂಡರೂ 56 ಸಾವಿರ ಲೀಟರ್. ಎಲ್ಲ ಹಿಡಿಯಲು ಆಗುವುದಿಲ್ಲ, ಆದರೆ ಎರಡು ಡ್ರಮ್ ಇಟ್ಟು, ಉಕ್ಕಿದ್ದನ್ನು ಇಂಗುಗುಂಡಿಗೆ ಬಿಟ್ಟರೂ ದೊಡ್ಡ ಮಾತು. ಬಚ್ಚಲ ನೀರು ಹೋಗುವ ಕಡೆ ಬಾಳೆ, ಕೆಸು. ಹಳ್ಳಿಯಲ್ಲಿ ನಮ್ಮಜ್ಜಿ ಮಾಡುತ್ತಿದ್ದದ್ದೇ. ಗಿಡದ ಬುಡಕ್ಕೆಲ್ಲ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ. ನಮ್ಮಲ್ಲಿ ಏಪ್ರಿಲ್‌ನಲ್ಲೂ ವಾರಕ್ಕೆ ಎರಡು ಸಲ ನೀರು ಹಾಕಿದರೆ ನಡೆಯುತ್ತದೆ.

ಹಕ್ಕಿಗೆ ಅಗಲವಾದ ಮಣ್ಣಿನ ತಟ್ಟೆ, ಎರಡಿಂಚು ನೀರು, ನಡುವೆ ಒಂದು ಕಲ್ಲು. ಪಿಕಳಾರ ಮಧ್ಯಾಹ್ನ ಬಂದು ಸ್ನಾನ ಮಾಡುತ್ತದೆ. ಸೊಳ್ಳೆ ಆಗುತ್ತದೆ ಅಂತ ಹೆದರಬೇಡಿ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರವಾದರೂ ಬೇಕು. ಎರಡು ದಿನಕ್ಕೊಮ್ಮೆ ಚೆಲ್ಲಿ ತಿಕ್ಕಿದರೆ ಆಯಿತು.

ಹಿಂದಿನ ಒಂದು ಮೂಲೆಯನ್ನು ಮಾತ್ರ ಹಾಗೇ ಬಿಡಿ. ಹಳೇ ಇಟ್ಟಿಗೆ, ಕಟ್ಟಿಗೆ, ಎಲೆ ರಾಶಿ. ಓತಿಕ್ಯಾತ, ಕಪ್ಪೆ ಅಲ್ಲಿ ಸೇರಿಕೊಳ್ಳುತ್ತವೆ. ಹಾವು? ಬರಬಹುದು. ನಮ್ಮಲ್ಲಿ ಏಳೆಂಟು ವರ್ಷಕ್ಕೆ ಎರಡು ಸಲ ಕೇರೆ ಹಾವು ಬಂದಿದೆ, ವಿಷವಿಲ್ಲದ್ದು. ಮನೆ ಬಾಗಿಲ ಸುತ್ತ ನಾಲ್ಕಡಿ ಜಾಗ ಗುಡಿಸಿ ಚೊಕ್ಕಟವಾಗಿಡಿ, ಕತ್ತಲಾದ ಮೇಲೆ ಮಕ್ಕಳು ಆ ಮೂಲೆಗೆ ಹೋಗಬಾರದು ಅನ್ನುವ ನಿಯಮ ಇರಲಿ. ಮಳೆಗಾಲದಲ್ಲಿ ಆಫ್ರಿಕನ್ ಬಸವನಹುಳು ಬಂದರೆ ಬರಿಗೈಯಲ್ಲಿ ಮುಟ್ಟಿಸಬೇಡಿ. ನಮ್ಮ ಕಡೆ ಅದನ್ನು ತಿನ್ನಲು ಕೆಂಬೂತ ಬರುತ್ತದೆ. ಕಾಂಪೌಂಡ್ ಪಕ್ಕ ಒಡೆದ ಚಿಪ್ಪುಗಳು ಬಿದ್ದಿರುತ್ತವೆ.

ನೆಡಲು ಜೂನ್ ಮೊದಲ ಮಳೆ ಒಳ್ಳೆಯದು. ಆ ಹೊತ್ತಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಕಡಿಮೆ ಬೆಲೆಗೆ ಸಿಗುತ್ತವೆ. ಮೊದಲ ವರ್ಷ ಏನೂ ಬರಲಿಲ್ಲ ಅಂತ ಬೇಜಾರಾಗಬಹುದು, ನಮಗೂ ಆಗಿತ್ತು. ಮೂರನೇ ವರ್ಷ ಒಂದು ಹೆಣ್ಣು ಸೂರಕ್ಕಿ ಬಟ್ಟೆ ಒಣಗಿಸುವ ತಂತಿಗೇ ಗೂಡು ನೇತುಹಾಕಿತು. ಜೇಡರಬಲೆ, ನಾರು, ಮರದ ಸಿಪ್ಪೆ ಸೇರಿಸಿ ಹೆಣೆದ ಪುಟ್ಟ ಚೀಲ. ಮೇಲೆ ಅಲ್ಲಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪ ಕಾಳು ಅಂಟಿಸಿದ ಹಾಗಿತ್ತು. ದಿಟ್ಟಿಸಿ ನೋಡಿದರೆ ಹುಳುಗಳ ಹಿಕ್ಕೆ. "ನಿಮ್ಮ ಕರಿಬೇವಿಂದು ಇರಬೇಕು ಅಜ್ಜಿ" ಅಂದಳು ಮಗಳು. ಮರಿ ಹಾರುವ ತನಕ, ಹತ್ತಿರ ಹತ್ತಿರ ಒಂದು ತಿಂಗಳು, ಅತ್ತೆ ಬಟ್ಟೆ ಬಕೆಟ್ಟು ಹೊತ್ತುಕೊಂಡು ತಾರಸಿ ಹತ್ತಿದರು.