80 ಹಲ್ಲಿನ ಬ್ಲೇಡ್ ಮತ್ತು ಹಲಸಿನ ಹಲಗೆ

ಹಲಸಿನ ಹಲಗೆ ಸೀಳುವುದಕ್ಕೂ ಪ್ಲೈವುಡ್ ಕೊಯ್ಯುವುದಕ್ಕೂ ಟೇಬಲ್ ಸಾಗೆ, ಅಂದರೆ ಮೇಜಿನ ನಡುವೆ ಬ್ಲೇಡ್ ತಿರುಗುವ ಗರಗಸಕ್ಕೆ, ಒಂದೇ 10 ಇಂಚಿನ ಬ್ಲೇಡ್ ಬೇಕು, 80 ಹಲ್ಲಿನದ್ದು ಆದೀತೇ ಎಂದು ಕೇಳಿದ್ದೀರಿ. ಆಗದು. ಮಂಗಳೂರಿನ ಬಂದರು ಕಡೆಯ ಅಂಗಡಿಯೊಂದರಿಂದ ಅದನ್ನೇ ಕೊಂಡು ತಂದವನು ನಾನು. ಹಲ್ಲು ಹೆಚ್ಚಿದಷ್ಟು ಕೊಯ್ತ ನಯ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಪ್ಲೈವುಡ್‌ನಲ್ಲಿ ಅದು ಬೆಣ್ಣೆಯಲ್ಲಿ ಕತ್ತಿಯಾಡಿದಂತೆ ಓಡಿತು, ನನಗೆ ಧೈರ್ಯ ಬಂತು.

ಆಮೇಲೆ ಒಂದಿಂಚು ದಪ್ಪದ ಹಲಸಿನ ಹಲಗೆ. ಹೊರಗೆ ಒಣಗಿದಂತೆ ಕಂಡರೂ ಒಳಗಿನ್ನೂ ಹಸಿ. ನಾರಿನ ಉದ್ದಕ್ಕೆ ಸೀಳುತ್ತ ಅರ್ಧ ದಾಟುವಾಗ ಮೋಟರಿನ ದನಿ ಇಳಿಯಿತು, ಹೊಗೆ ಎದ್ದಿತು, ಅಂಚು ಕಪ್ಪಾಯಿತು. ನಿಲ್ಲಿಸುವ ಬದಲು ಇನ್ನೂ ನಿಧಾನವಾಗಿ ತಳ್ಳಿದೆ. ಕೆಟ್ಟದ್ದು ಅಲ್ಲೇ. 10 ಇಂಚಿನ ಬ್ಲೇಡ್‌ನ ಸುತ್ತಳತೆ ಸುಮಾರು 800 ಮಿ.ಮೀ.; 80 ಹಲ್ಲಾದರೆ ಒಂದೊಂದಕ್ಕೆ 10 ಮಿ.ಮೀ. ಜಾಗ, 24 ಹಲ್ಲಾದರೆ 33. ಸೀಳುವಾಗ ಬರುವ ಉದ್ದುದ್ದ ಹುಡಿ ಆ ಸಣ್ಣ ಸಂದಿಯಲ್ಲಿ ಹಿಡಿಸುವುದಿಲ್ಲ. ನಿಧಾನಿಸಿದರೆ ಹಲ್ಲು ಮರವನ್ನು ಕಚ್ಚದೆ ಬರೀ ಉಜ್ಜುತ್ತದೆ, ಉಜ್ಜಿದರೆ ಕಾಯುತ್ತದೆ, ಕಾದರೆ ಹಲಸಿನ ಅಂಟು ಹಲ್ಲಿಗೆ ಮೆತ್ತಿ ಮತ್ತಷ್ಟು ಉಜ್ಜುತ್ತದೆ. ಬ್ಲೇಡ್‌ನ ಅಂಚು ಹಿಗ್ಗಿ, ನಡುಭಾಗ ಹಿಗ್ಗದೆ, ತಟ್ಟೆ ಅಲೆಯಾಡತೊಡಗುತ್ತದೆ. ಸಾಣೆಗೆ ಒಯ್ದರೆ, "ಹಲ್ಲು ಸರಿ ಇದೆ ಮಾರಾಯ್ರೇ, ತಟ್ಟೆಯೇ ಸೊಟ್ಟ" ಎಂದು ಹಿಂದಕ್ಕೆ ಕೊಟ್ಟರು. ಮತ್ತೆ ಪ್ಲೈವುಡ್‌ಗೂ ಅದು ಒದಗಲಿಲ್ಲ.

ಎಲ್ಲದಕ್ಕೂ ಒಂದೇ ಎಂಬ ಹಟವನ್ನು ಬಿಡಿ. ಬ್ಲೇಡ್ ಬದಲಿಸುವುದೇನು ಮಹಾ ಕೆಲಸವಲ್ಲ, ಪ್ಲಗ್ ಕಿತ್ತು ನಟ್ಟು ಸಡಿಲಿಸಿದರಾಯಿತು. ಸೀಳಲು 24 ಹಲ್ಲು, ಉಳಿದದ್ದಕ್ಕೆ 40. ಕಾರ್ಬೈಡ್ ತುದಿಯದ್ದು, ಹಲ್ಲುಗಳು ಒಂದು ಎಡಕ್ಕೆ ಒಂದು ಬಲಕ್ಕೆ ಓರೆಯಾಗಿರುವಂಥದ್ದು. ಈಗ ಒಂದಕ್ಕೆ ಮಾತ್ರ ಹಣವಿದ್ದರೆ 40ರದ್ದನ್ನೇ ತನ್ನಿ. ಪ್ಲೈವುಡ್‌ನ ಚಂದದ ಮುಖ ಮೇಲಿರಲಿ, ಕೆಳಗೆ ಗೆರೆಯ ಉದ್ದಕ್ಕೂ ಟೇಪ್ ಅಂಟಿಸಿ. ಸಿಬಿರು ಬಹಳಷ್ಟು ಕಡಿಮೆಯಾಗುತ್ತದೆ. 80 ಹಲ್ಲಿನದ್ದು ದಿನವಿಡೀ ಲ್ಯಾಮಿನೇಟ್ ಹಾಳೆ ಕೊಯ್ಯುವವರಿಗೆ ಇರಲಿ.

ಹಲ್ಲಿನ ಲೆಕ್ಕಕ್ಕಿಂತ ಮೊದಲು ನೀವು ಕೇಳಬೇಕಾದದ್ದು ಬೇರೆ ಇತ್ತು. ಬ್ಲೇಡ್‌ನ ಹಿಂದೆ ನಿಂತು, ಸೀಳಿದ ಹಲಗೆ ಮತ್ತೆ ಕೂಡಿ ಬ್ಲೇಡನ್ನು ಹಿಡಿಯದಂತೆ ತಡೆಯುವ ತಗಡು, ರೈವಿಂಗ್ ನೈಫ್‌ನ ದಪ್ಪ ಎಷ್ಟು? ಮೋಟರ್ ಸಣ್ಣದಾದರೆ 2.4 ಮಿ.ಮೀ. ಕೊಯ್ತದ ತೆಳು ಬ್ಲೇಡ್ ಒಳ್ಳೆಯದೇ, ಆದರೆ ನೈಫ್ ಅದಕ್ಕಿಂತ ದಪ್ಪವಿದ್ದರೆ ಹಲಗೆ ನಡುವೆಯೇ ಸಿಕ್ಕಿಹಾಕಿಕೊಳ್ಳುತ್ತದೆ. ಆ ದಪ್ಪವನ್ನೂ ಬ್ಲೇಡ್ ಕೂರುವ ದಂಡದ ಅಳತೆಯನ್ನೂ ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. 25.4 ಮಿ.ಮೀ. ದಂಡಕ್ಕೆ 30ರ ತೂತಿನ ಬ್ಲೇಡ್ ಕೊಡಲು ಬಂದರೆ ತೂತನ್ನು ದಂಡದ ಅಳತೆಗೆ ತರುವ ಬಳೆ, ಸರಿಯಾದ ಬುಷ್ ಸಹಿತ ಕೊಡಿ ಎನ್ನಿ, ಇಲ್ಲದಿದ್ದರೆ ಬೇಡ.