8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಸ್ವಾಪ್ ಅನ್ನು ಪೂರ್ತಿ ತೆಗೆದುಹಾಕಬಹುದೇ?

ರ‍್ಯಾಮ್ ಖಾಲಿ ಇದ್ದರೂ ಸ್ವಾಪ್‌ನಲ್ಲಿ (ರ‍್ಯಾಮ್‌ನಲ್ಲಿ ಸದ್ಯ ಬೇಡದ್ದನ್ನು ಇಡಲು ಡಿಸ್ಕ್‌ನಲ್ಲಿ ಮೀಸಲಿಟ್ಟ ಜಾಗ) ಒಂದೂವರೆ ಜಿಬಿ ಸದಾ ತುಂಬಿರುತ್ತದೆ, ಅದರಿಂದಲೇ ಉಬುಂಟು ಲಿನಕ್ಸ್ ನಿಧಾನವಾಗಿದೆ, ಮೇಲಾಗಿ ಎಸ್‌ಎಸ್‌ಡಿಯೂ ಸವೆಯುತ್ತಿದೆ ಎಂದು ನೀವು ಬರೆದಿದ್ದೀರಿ. ಈ ಮೂರೂ ನಂಬಿಕೆಗಳನ್ನು ತಲೆಯಲ್ಲಿಟ್ಟುಕೊಂಡೇ ನಾನೂ ಒಮ್ಮೆ ಸ್ವಾಪ್ ಕಿತ್ತುಹಾಕಿದ್ದೆ.

ಆಗ ನಾನು ಚಾಮರಾಜಪೇಟೆಯ ಒಂದು ಬಾಡಿಗೆ ಕೋಣೆಯಲ್ಲಿ ಕುಳಿತು, ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು ಟೆಸೆರಾಕ್ಟ್ ಮೂಲಕ ಪಠ್ಯವಾಗಿಸಿ, ಕರಡು ತಿದ್ದಿ, ಒಬ್ಬ ಪ್ರಕಾಶಕರಿಗೆ ಕೊಡುವ ಕೆಲಸ ಮಾಡುತ್ತಿದ್ದೆ. ಒತ್ತಕ್ಷರಗಳನ್ನು ಆ ತಂತ್ರಾಂಶ ಎಷ್ಟು ಬಗೆಯಲ್ಲಿ ತಪ್ಪಾಗಿ ಓದಬಲ್ಲದು ಎಂಬುದು ಬೇರೆಯೇ ಕಥೆ. ಪ್ರಕಾಶಕರ ಡಿಟಿಪಿಯವರು ಇನ್ನೂ, ಯುನಿಕೋಡ್ ಅರಿಯದ ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್ ಬಿಟ್ಟಿರಲಿಲ್ಲವಾದ್ದರಿಂದ, ಯುನಿಕೋಡ್ ಪಠ್ಯವನ್ನು ನುಡಿ ತಂತ್ರಾಂಶದ ಹಳೆಯ ಅಕ್ಷರಸಂಕೇತಕ್ಕೆ ಪರಿವರ್ತಿಸಿ ನೋಡಲು ವಿಂಡೋಸ್‌ನ ಒಂದು ವರ್ಚುವಲ್ ಯಂತ್ರವೂ (ಉಬುಂಟುವಿನ ಒಳಗೇ ಓಡುವ ಇನ್ನೊಂದು ಗಣಕ) 3 ಜಿಬಿ ಹಿಡಿದುಕೊಂಡು ಪಕ್ಕದಲ್ಲಿ ಓಡುತ್ತಿರಬೇಕಿತ್ತು. ಲ್ಯಾಪ್‌ಟಾಪ್ ನಿಮ್ಮದರಂತೆಯೇ 8 ಜಿಬಿಯದು, ಉಬುಂಟು 20.04. ಸ್ವಾಪ್‌ಆಫ್ ಆದೇಶ ಕೊಟ್ಟೆ, ಯಂತ್ರ ಚಾಲೂ ಆಗುವಾಗ ಡಿಸ್ಕ್ ಮತ್ತು ಸ್ವಾಪ್ ಜೋಡಿಸುವ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿದ್ದ ಸಾಲನ್ನು ಅಳಿಸಿದೆ, ಸ್ವಾಪ್ ಕಡತವನ್ನೂ ತೆಗೆದೆ. ಸ್ವಾಪ್‌ಗೆ ಹೋಗಿದ್ದ ಪುಟಗಳೆಲ್ಲ (ಮೆಮೊರಿಯನ್ನು ಲಿನಕ್ಸ್ ಹಂಚುವ ಸಣ್ಣ ತುಂಡುಗಳಿಗೆ ಪುಟ ಎನ್ನುತ್ತಾರೆ) ಒಮ್ಮೆಲೇ ರ‍್ಯಾಮ್‌ಗೆ ಮರಳಿದ್ದರಿಂದ ಯಂತ್ರ ಚುರುಕಾದಂತೆಯೇ ಕಂಡಿತು, ನಾನು ಹಿಗ್ಗಿದೆ.

ಒಂದು ಸಂಜೆ ನಾಲ್ಕು ಟೆಸೆರಾಕ್ಟ್‌ಗಳನ್ನು ಒಟ್ಟಿಗೆ ಓಡಲು ಬಿಟ್ಟು, ಬ್ರೌಸರ್‌ನಲ್ಲಿ ನಿಘಂಟಿನ ಪುಟಗಳನ್ನು ತೆರೆದುಕೊಂಡು, ಪಠ್ಯ ಸಂಪಾದಕದಲ್ಲಿ ಕರಡು ತಿದ್ದುತ್ತಿದ್ದೆ. ಮೌಸ್‌ನ ಬಾಣ ಇದ್ದಲ್ಲೇ ನಿಂತಿತು. ಫ್ಯಾನ್ ಅಬ್ಬರಿಸತೊಡಗಿತು. ಡಿಸ್ಕ್ ದೀಪ ಮಿನುಗುವುದನ್ನು ಬಿಟ್ಟು ಉರಿಯುತ್ತಲೇ ಇತ್ತು. ಸ್ವಾಪ್ ಇಲ್ಲದ ಯಂತ್ರ ಡಿಸ್ಕ್‌ನಿಂದ ಅದೇನನ್ನು ಇಷ್ಟು ಆತುರದಿಂದ ಓದುತ್ತಿದೆ ಎಂಬುದು ನನಗೆ ಅರ್ಥವಾಗಲಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಪಠ್ಯ ಪರದೆಗೆ ಹೋಗಲು ನೋಡಿದೆ. ಬಹಳ ಹೊತ್ತಿನ ನಂತರ ಲಾಗಿನ್ ಕೇಳಿತು, ಹೆಸರು ಬರೆದೆ, ಗುಪ್ತಪದ ಕೇಳುವಷ್ಟರಲ್ಲಿ 60 ಸೆಕೆಂಡು ಮೀರಿತೆಂಬ ಸಂದೇಶ ಬಂದು ಮತ್ತೆ ಮೊದಲಿಗೇ ಮರಳಿತು. ಉಬುಂಟುವಿನ ತಿರುಳಾದ ಕರ್ನಲ್‌ಗೆ ನೇರವಾಗಿ ಹೇಳಿ ಮೆಮೊರಿ ನುಂಗಿದವನನ್ನು ಕೊಲ್ಲಿಸಲು ಆಲ್ಟ್, ಸಿಸ್‌ಆರ್‌ಕ್ಯು, ಎಫ್ ಎಂಬ ಕೀಲಿಕೂಟವಿದೆ. ಆದರೆ ಉಬುಂಟು ಇಂಥ ಕೀಲಿಕೂಟಗಳಿಗೆ ಇಟ್ಟಿರುವ ಪೂರ್ವನಿಯೋಜಿತ ಬೆಲೆ 176 ಇರುವಾಗ ಅದಕ್ಕೆ ಅನುಮತಿ ಕೊಡುವುದಿಲ್ಲ. ಡಿಸ್ಕ್‌ಗೆ ಬರೆಸುವುದಕ್ಕೂ, ಡಿಸ್ಕ್ ಅನ್ನು ಓದಲು ಮಾತ್ರ ಎಂದಾಗಿಸುವುದಕ್ಕೂ, ಮರುಚಾಲನೆಗೂ ಮಾತ್ರ ಅನುಮತಿ ಇದೆ. ಅದನ್ನೇ ಮಾಡಿದೆ. ಸಂಪಾದಕ ಇನ್ನೂ ಕರ್ನಲ್‌ಗೆ ಒಪ್ಪಿಸದೇ ಇದ್ದ ಪಠ್ಯ ಅದರಿಂದ ಉಳಿಯುವಂತಿರಲಿಲ್ಲ. ಮಧ್ಯಾಹ್ನದಿಂದ ತಿದ್ದಿದ್ದೆಲ್ಲ ಹೋಯಿತು. ಗಡುವು ತಪ್ಪಿತು, ಮುಂದಿನ ಸಂಪುಟ ಬೇರೆಯವರ ಪಾಲಾಯಿತು.

ಆ ಡಿಸ್ಕ್ ದೀಪ ಏಕೆ ಉರಿಯುತ್ತಿತ್ತು ಎಂಬುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿರುವುದರಿಂದ ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ರ‍್ಯಾಮ್‌ನಲ್ಲಿರುವ ಪುಟಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಡಿಸ್ಕ್‌ನಲ್ಲಿ ಮೂಲಪ್ರತಿ ಇರುವಂಥವು ಒಂದು ಜಾತಿ: ನೀವು ಓದಿದ ಕಡತಗಳು, ಗ್ರಂಥಾಲಯಗಳು, ಹಾಗೂ ಓಡುತ್ತಿರುವ ಪ್ರೋಗ್ರಾಮ್‌ಗಳ ಕೋಡ್. ಇವನ್ನು ಕರ್ನಲ್ ಯಾವಾಗ ಬೇಕಾದರೂ ಎಸೆದು, ಬೇಕೆನಿಸಿದಾಗ ಮತ್ತೆ ಓದಿಕೊಳ್ಳಬಹುದು. ಇನ್ನೊಂದು ಜಾತಿಯವಕ್ಕೆ ಕಡತದ ಬೆಂಬಲವಿಲ್ಲ: ಬ್ರೌಸರ್ ಟ್ಯಾಬ್‌ನ ಒಳಗಿನ ದತ್ತ, ನೀವು ಬರೆಯುತ್ತಿರುವ ಪಠ್ಯ, ಲೆಕ್ಕಾಚಾರದ ಮಧ್ಯಂತರ ಫಲಿತಾಂಶಗಳು. ಇವನ್ನು ಹೊರಗೆ ಇಡಲು ಇರುವ ಒಂದೇ ಜಾಗ ಸ್ವಾಪ್. ಅದನ್ನು ನಾನು ತೆಗೆದದ್ದರಿಂದ, ಬೆಳಿಗ್ಗೆಯಿಂದ ಮುಟ್ಟದ ಟ್ಯಾಬ್ ಕೂಡ ರ‍್ಯಾಮ್‌ನಲ್ಲೇ ಮೊಳೆ ಹೊಡೆದಂತೆ ಕೂತಿತು. ಜಾಗ ಬೇಕಾದಾಗ ಕರ್ನಲ್‌ಗೆ ಉಳಿದದ್ದು, ಆ ಕ್ಷಣದಲ್ಲೇ ಓಡುತ್ತಿದ್ದ ಪ್ರೋಗ್ರಾಮ್‌ಗಳ ಕೋಡ್ ಮಾತ್ರ. ಅದನ್ನೇ ಎಸೆಯಿತು, ಮರುಕ್ಷಣ ಬೇಕಾಯಿತು, ಮತ್ತೆ ಡಿಸ್ಕ್‌ನಿಂದ ಓದಿತು, ಮತ್ತೆ ಎಸೆಯಿತು. ಅಟ್ಟವಿಲ್ಲದ ಮನೆಗೆ ನೆಂಟರು ಬಂದರೆಂದು ದಿನಬಳಕೆಯ ಪಾತ್ರೆಗಳನ್ನೇ ಅಂಗಳಕ್ಕೆ ಸಾಗಿಸಿ, ಒಗ್ಗರಣೆಗೊಮ್ಮೆ ಸೌಟಿಗಾಗಿ ಹೊರಗೆ ಓಡಿದಂತೆ.

ಮೆಮೊರಿ ಮುಗಿದರೆ ಕರ್ನಲ್ ಯಾರನ್ನಾದರೂ ಕೊಂದು ಯಂತ್ರವನ್ನು ಉಳಿಸುತ್ತದಲ್ಲ ಎಂದು ನೀವು ಕೇಳಬಹುದು. ನಾನು ನಂಬಿ ಕೂತಿದ್ದದ್ದೂ ಅದನ್ನೇ. ಆದರೆ ಹಾಗೆ ಕೊಲ್ಲುವ ಕರ್ನಲ್ ಭಾಗವಾದ ಓಓಎಂ ಕಿಲ್ಲರ್ ಎಚ್ಚರಗೊಳ್ಳುವುದು ಇನ್ನೇನನ್ನೂ ತೆರವು ಮಾಡಲಾಗದು ಎಂದು ಖಚಿತವಾದ ಮೇಲೆ. ಮೇಲಿನ ಆಟದಲ್ಲಿ ಪ್ರತಿ ಸಲವೂ ಒಂದಿಷ್ಟು ಪುಟಗಳು ತೆರವಾಗುತ್ತಲೇ ಇರುವುದರಿಂದ, ಕೆಲಸ ಸಾಗುತ್ತಿದೆ ಎಂದೇ ಕರ್ನಲ್ ಭಾವಿಸಿಕೊಳ್ಳುತ್ತದೆ. ಬಳಕೆದಾರನ ಪಾಲಿಗೆ ಯಂತ್ರ ಸತ್ತು ಎಷ್ಟೋ ಹೊತ್ತಾಗಿರುತ್ತದೆ. ಉಬುಂಟು 22.04ರಿಂದ ಬಂದಿರುವ ಸಿಸ್ಟಂಡಿ-ಓಓಎಂಡಿ ಎಂಬ ಕಾವಲು ಪ್ರೋಗ್ರಾಮ್ ಸ್ವಲ್ಪ ಮೊದಲೇ ಕೈಹಾಕುತ್ತದೆ. ಅದೂ ಚೆನ್ನಾಗಿ ಕೆಲಸ ಮಾಡಲು ಸ್ವಾಪ್ ಇರಬೇಕು.

ಹಾಗಾಗಿ ತೆಗೆಯಬಹುದೇ ಎಂಬ ಪ್ರಶ್ನೆಯೇ ದಾರಿ ತಪ್ಪಿದೆ ಎನ್ನುತ್ತೇನೆ. ಸ್ವಾಪ್‌ನಲ್ಲಿ ಎಷ್ಟು ಇದೆ ಎಂಬುದಕ್ಕಿಂತ, ಅಲ್ಲಿಂದ ಇಲ್ಲಿಗೆ ಎಷ್ಟು ಓಡಾಡುತ್ತಿದೆ ಎಂಬುದು ಮುಖ್ಯ. ಟರ್ಮಿನಲ್‌ನಲ್ಲಿ ವಿಎಂಸ್ಟ್ಯಾಟ್ ಆದೇಶವನ್ನು (vmstat 1) ಒಂದು ಸೆಕೆಂಡಿನ ಅಂತರದಲ್ಲಿ ಓಡಿಸಿ, ಎಸ್‌ಐ (ಸ್ವಾಪ್‌ನಿಂದ ರ‍್ಯಾಮ್‌ಗೆ ಬರುವುದು) ಮತ್ತು ಎಸ್‌ಓ (ಸ್ವಾಪ್‌ಗೆ ಹೋಗುವುದು) ಎಂಬ ಎರಡು ಕಂಬಸಾಲುಗಳನ್ನು ನೋಡಿ. ಮೊದಲ ಸಾಲು ಯಂತ್ರ ಚಾಲೂ ಆದಾಗಿನಿಂದ ಈವರೆಗಿನ ಸರಾಸರಿ, ಅದನ್ನು ಬಿಟ್ಟುಬಿಡಿ. ಮುಂದಿನವುಗಳಲ್ಲಿ ಸೊನ್ನೆಗಳೇ ಬರುತ್ತಿದ್ದರೆ, ನಿಮ್ಮ ಆ ಒಂದೂವರೆ ಜಿಬಿ ಯಾರಿಗೂ ಬೇಡವಾಗಿ ಮಲಗಿರುವ ಸರಕು, ನಿಧಾನಕ್ಕೆ ಕಾರಣ ಬೇರೆಲ್ಲೋ ಇದೆ. ಓದಿಕೊಂಡ ಪುಟದ ಪ್ರತಿಯನ್ನು ಕರ್ನಲ್ ಸ್ವಾಪ್‌ನಲ್ಲೂ ಉಳಿಸಿಕೊಳ್ಳುವುದುಂಟು, ಆದ್ದರಿಂದ ರ‍್ಯಾಮ್ ಖಾಲಿಯಾದೊಡನೆ ಆ ಅಂಕಿ ಇಳಿಯಲೇಬೇಕೆಂದಿಲ್ಲ. ಎರಡೂ ಕಂಬಸಾಲುಗಳಲ್ಲಿ ಸತತವಾಗಿ ದೊಡ್ಡ ಅಂಕಿಗಳು ಬರುತ್ತಿದ್ದರೆ ನಿಮ್ಮ ಕೆಲಸಕ್ಕೆ ರ‍್ಯಾಮ್ ಸಾಲದು. ರ‍್ಯಾಮ್ ಮದರ್‌ಬೋರ್ಡಿಗೆ ಬೆಸುಗೆಯಾಗಿಲ್ಲ ಎಂದು ಖಾತರಿ ಮಾಡಿಕೊಂಡು ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ಇನ್ನೊಂದು ರ‍್ಯಾಮ್ ಪಟ್ಟಿ ಕೊಂಡುತನ್ನಿ. ಅದಕ್ಕೆ ಸ್ವಾಪ್ ಹೆಚ್ಚಿಸುವುದೂ ಮದ್ದಲ್ಲ, ತೆಗೆಯುವುದೂ ಮದ್ದಲ್ಲ.

ಎಸ್‌ಎಸ್‌ಡಿ ಸವೆತದ ಭಯವನ್ನು ಲೆಕ್ಕ ಹಾಕಿಯೇ ಬಿಡಿ. 150 ಟಿಬಿ ಬರೆಯುವವರೆಗೆ ಖಾತರಿ ಇರುವ ಡಿಸ್ಕ್‌ಗೆ ಸ್ವಾಪ್ ದಿನಕ್ಕೆ 10 ಜಿಬಿ ಬರೆದರೂ 15,000 ದಿನ, ಅಂದರೆ 40 ವರ್ಷಕ್ಕೂ ಮೇಲೆ ಬೇಕು.

ಗಾತ್ರದ ವಿಷಯದಲ್ಲಿ ರ‍್ಯಾಮ್‌ನ ಎರಡರಷ್ಟು ಎಂಬ ಹಳೆಯ ಸೂತ್ರವನ್ನು ಮರೆಯಿರಿ. 8 ಜಿಬಿ ಯಂತ್ರಕ್ಕೆ 16 ಜಿಬಿ ಸ್ವಾಪ್ ಕೊಟ್ಟರೆ, ಹುಚ್ಚೆದ್ದ ಒಂದು ಪ್ರೋಗ್ರಾಮ್ ಅದನ್ನೆಲ್ಲ ತುಂಬುವವರೆಗೂ ನೀವು ಕಾಯುತ್ತ ಕೂರಬೇಕಾಗುತ್ತದೆ, ಅಷ್ಟೆ. 4 ಜಿಬಿ ಸಾಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬ್ಯಾಟರಿ ತಳ ಮುಟ್ಟುವಾಗ ಹೈಬರ್ನೇಟ್ (ಮೆಮೊರಿಯಲ್ಲಿದ್ದದ್ದನ್ನು ಡಿಸ್ಕ್‌ಗೆ ಬರೆದು ಯಂತ್ರ ಆರುವುದು) ಆಗಬೇಕೆಂದಿದ್ದರೆ ಮಾತ್ರ ರ‍್ಯಾಮ್‌ನಷ್ಟೇ ಇಡಿ. 2017ರ 17.04ರಿಂದ ಉಬುಂಟು ಪ್ರತ್ಯೇಕ ವಿಭಾಗದ ಬದಲು ಸ್ವಾಪ್ ಕಡತವನ್ನೇ ಬಳಸುತ್ತಿರುವುದರಿಂದ ಗಾತ್ರ ಬದಲಿಸಲು ಡಿಸ್ಕ್ ಅನ್ನು ಮತ್ತೆ ವಿಭಾಗಿಸಬೇಕಾಗಿಲ್ಲ. ಹೊಸ ಕಡತವನ್ನು ಡಿಡಿ (dd) ಆದೇಶದಿಂದ ಸೊನ್ನೆ ತುಂಬಿಸಿ ಮಾಡಿ, ಅನುಮತಿಯನ್ನು 600ಕ್ಕೆ ಇಡಿ (ಇಲ್ಲದಿದ್ದರೆ ನಿಮ್ಮ ಮೆಮೊರಿಯಲ್ಲಿದ್ದದ್ದನ್ನು ಬೇರೆ ಬಳಕೆದಾರರು ಓದಬಹುದು), ಎಂಕೆಸ್ವಾಪ್ (mkswap) ಮತ್ತು ಸ್ವಾಪ್‌ಆನ್ ಕೊಟ್ಟು, ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು ಸೇರಿಸಿ.

ಸ್ವಾಪಿನೆಸ್ ಎಂಬ ಕರ್ನಲ್ ಹೊಂದಿಕೆಯನ್ನು 10ಕ್ಕೆ ಇಳಿಸಿ ಎಂದು ನಿಮಗೆ ಬಹಳ ಜನ ಹೇಳುತ್ತಾರೆ. ಪೂರ್ವನಿಯೋಜಿತ 60 ಎಂದರೆ ರ‍್ಯಾಮ್ 60 ಶೇಕಡಾ ತುಂಬಿದಾಗ ಸ್ವಾಪ್ ಶುರು ಎಂದೇನಲ್ಲ. ಮೇಲೆ ಹೇಳಿದ ಎರಡು ಜಾತಿಗಳಲ್ಲಿ ಯಾವುದನ್ನು ಹೊರಹಾಕುವುದು ದುಬಾರಿ ಎಂದು ಕರ್ನಲ್‌ಗೆ ಹೇಳುವ ತಕ್ಕಡಿ ಅದು. ಎಸ್‌ಎಸ್‌ಡಿ ಇರುವಾಗ ಅದನ್ನು ಇಳಿಸುವುದೆಂದರೆ, ನಾನು ಬಿದ್ದ ಹೊಂಡದ ಕಡೆಗೇ ಅರ್ಧ ದಾರಿ ನಡೆದಂತೆ.

ನಾನು ಈಗ ಬಳಸುತ್ತಿರುವುದು ಝಡ್‌ರ‍್ಯಾಮ್. ರ‍್ಯಾಮ್‌ನ ಒಳಗೇ ಪುಟಗಳನ್ನು ಕುಗ್ಗಿಸಿ ಇಡುವ ಸ್ವಾಪ್ ಇದು. ಫೆಡೋರಾ ಎಂಬ ಇನ್ನೊಂದು ಲಿನಕ್ಸ್, 2020ರಲ್ಲಿ ಬಂದ ತನ್ನ 33ನೇ ಆವೃತ್ತಿಯಿಂದ, ಇದನ್ನೇ ಪೂರ್ವನಿಯೋಜಿತವಾಗಿ ಕೊಡುತ್ತಿದೆ. ಇದರಿಂದ ಹೈಬರ್ನೇಟ್ ಆಗದು, ಹಾಗಾಗಿ ಡಿಸ್ಕ್‌ನ ಕಡತವನ್ನು ಕಡಿಮೆ ಆದ್ಯತೆಯಲ್ಲಿ ಹಿಂದೆ ಇಟ್ಟುಕೊಂಡಿದ್ದೇನೆ. ಸ್ವಾಪಿನೆಸ್‌ನ ಮೇಲ್ಮಿತಿ ಕರ್ನಲ್ 5.8ರಿಂದ 200ಕ್ಕೆ ಏರಿದೆ. ಝಡ್‌ರ‍್ಯಾಮ್ ಇದ್ದರೆ 100ನ್ನು ದಾಟಿಸಲು ಹಿಂಜರಿಯಬೇಡಿ.

ಹಳೆಯ ಕಡತವನ್ನು ಬದಲಿಸಲು ಸ್ವಾಪ್‌ಆಫ್ ಕೊಡುವ ಮುನ್ನ ಫ್ರೀ ಆದೇಶದ ಕೊನೆಯ ಕಂಬಸಾಲಿನಲ್ಲಿರುವ ಲಭ್ಯ ಮೆಮೊರಿ, ಸ್ವಾಪ್‌ನಲ್ಲಿ ತುಂಬಿರುವುದಕ್ಕಿಂತ ಹೆಚ್ಚಿದೆಯೇ ನೋಡಿಕೊಳ್ಳಿ. ಅಲ್ಲಿರುವುದೆಲ್ಲ ರ‍್ಯಾಮ್‌ಗೇ ಮರಳಿ ಬರಬೇಕು. ಕಡಿಮೆ ಇದ್ದರೆ ಮೊದಲು ಬ್ರೌಸರ್ ಮುಚ್ಚಿ, ತೆರೆದ ಕಡತಗಳನ್ನು ಉಳಿಸಿ, ಆಮೇಲೆ ಕೊಡಿ.