ಮಾಂಸಕ್ಕೆ ಸಾಕುವ ಕೋಣದ ಕರು ಮೇವು ಬಿಟ್ಟಿರುವ ಬಗ್ಗೆ

ಕಾಸರಗೋಡಿನಲ್ಲಿ ಮಾಂಸಕ್ಕಾಗಿ ಸಾಕುತ್ತಿರುವ, ಸುಮಾರು 150 ಕಿಲೋ ತೂಗುವ ನಿಮ್ಮ ಮುರ್ರಾ ತಳಿಯ ಕೋಣದ ಕರು, ಮೆಕ್ಕೆಜೋಳದ ನುಚ್ಚನ್ನು ಒಮ್ಮೆಲೇ ಹೆಚ್ಚಿಸಿದ ಮೇಲೆ ಮೇವು ಬಿಟ್ಟು ನೊರೆ ಬೆರೆತ ತೆಳು ಸೆಗಣಿ ಹಾಕುತ್ತಿದೆ ಎಂದರೆ, ಹೊಟ್ಟೆಯಲ್ಲಿ ಆಮ್ಲ ಹೆಚ್ಚಿರುವುದೇ ಬಹುಮಟ್ಟಿಗೆ ಕಾರಣ. ಸೆಗಣಿಯಲ್ಲಿ ಜೀರ್ಣವಾಗದ ಕಾಳಿನ ಚೂರುಗಳು ಕಂಡರೆ ಈ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಮೊದಲು ನುಚ್ಚು, ಗಂಜಿ, ಅನ್ನ ಎಲ್ಲವನ್ನೂ ನಿಲ್ಲಿಸಿ, ಒಣ ಬೈಹುಲ್ಲು ಹಾಗೂ ಶುದ್ಧ ನೀರನ್ನು ಮಾತ್ರ ಸದಾ ಎದುರಿಗಿಡಿ. ಅಡುಗೆ ಸೋಡಾ ಕೊಡುವ ರೂಢಿಯಿದೆ; ಅದರ ಪ್ರಮಾಣವನ್ನು ಪಶುವೈದ್ಯರಿಂದಲೇ ಕೇಳಿಕೊಳ್ಳಿ. ಎಡಪಕ್ಕೆಯ ಹಿಂದಿನ ಗುಳಿಗೆ ಮುಷ್ಟಿಯೊತ್ತಿ ಹಿಡಿದರೆ ಎರಡು ನಿಮಿಷದಲ್ಲಿ ಎರಡು ಮೂರು ಬಾರಿಯಾದರೂ ಹೊಟ್ಟೆ ಕೈಯನ್ನು ಹೊರಕ್ಕೆ ತಳ್ಳಬೇಕು. ಆ ಚಲನೆ ಮರಳಿ, ಮೆಲುಕು ಆರಂಭವಾಗಿ, ಸೆಗಣಿ ಗಟ್ಟಿಯಾದ ಮೇಲಷ್ಟೇ ದಿನಕ್ಕೆ ಅರ್ಧ ಕಿಲೋ ನುಚ್ಚಿನಿಂದ ಶುರುಮಾಡಿ, ಮೂರು ದಿನಕ್ಕೊಮ್ಮೆ ಕಾಲು ಕಿಲೋದಂತೆ ಏರಿಸುತ್ತ, ಎರಡು ಹೊತ್ತಿಗೆ ಹಂಚಿ, ಪ್ರತಿಸಲವೂ ಹುಲ್ಲು ತಿಂದ ನಂತರವೇ ಕೊಡಿ. ಮಾರುವ ಅವಸರದಲ್ಲಿ ಈ ಹಂತವನ್ನು ಮೊಟಕುಗೊಳಿಸುವವರೇ ಹೆಚ್ಚು.

ಕರುವನ್ನು ನೋಡದೆ ಹೊಟ್ಟೆಹುಳದ ಸಾಧ್ಯತೆಯನ್ನು ತಳ್ಳಿಹಾಕಲಾರೆ. ಗದ್ದೆಬದಿಯಲ್ಲಿ ಮೇಯುವ ಕರುವಾದರೆ ಸೆಗಣಿ ಪರೀಕ್ಷೆ ಮಾಡಿಸಿ. ಕರು ಮಲಗಿ ಏಳದಿದ್ದರೆ ಅಥವಾ ಕಣ್ಣು ಗುಳಿಬಿದ್ದರೆ, ಕಾಯದೆ ಕೂಡಲೇ ಪಶುವೈದ್ಯರನ್ನು ಕರೆಸಿ.